ಏಳರ ಮೇಲೆ ಕಾಲ್ ಮಾಡಿ

ಬೆಂಗಳೂರಿನಲ್ಲಿ ನಿಮ್ಮ ಸಂಬಳ ನಿಮ್ಮ ಹೆಂಡತಿಗಿಂತ ಮೊದಲು ಗೊತ್ತಾಗುವುದು ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯ ಹುಡುಗನಿಗೆ. ನೀವು ಹಲೋ ಅನ್ನುವಷ್ಟರಲ್ಲಿ "ಸರ್, ಕರೆಂಟ್ ಸಿಟಿಸಿ ಎಷ್ಟು, ಎಕ್ಸ್‌ಪೆಕ್ಟೆಡ್ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು?" ಎಂದು ಒಂದೇ ಉಸಿರಿಗೆ ಕೇಳಿರುತ್ತಾನೆ. ಸ್ವಂತ ಷಡ್ಡಕನಿಗೂ ಇಷ್ಟು ಧೈರ್ಯವಿಲ್ಲ.

ಇವನು ಓದಿದ್ದು ತುಮಕೂರಿನಲ್ಲಿ ಬಿ.ಕಾಂ., ಹುಡುಕುವುದು ಜಾವಾ ಡೆವಲಪರನ್ನು. ಸ್ಪ್ರಿಂಗ್ ಬೂಟ್ ಎನ್ನುವುದು ಕಾಲಿಗೆ ಹಾಕುವಂಥದ್ದಲ್ಲ ಎಂದು ತಿಳಿಯುವ ಹೊತ್ತಿಗೆ ಪ್ರೊಬೇಷನ್ನೇ ಮುಗಿದಿತ್ತು. ಆಫೀಸು ಬಿಟಿಎಂ ಲೇಔಟಿನಲ್ಲಿ: ಕೆಳಗೆ ದರ್ಶಿನಿ, ಮೇಲೆ ಪಿಜಿ, ನಡುವೆ ಮೂವತ್ತು ಹೆಡ್‌ಸೆಟ್. ಬೆಳಿಗ್ಗೆ ಒಂಬತ್ತೂವರೆಗೆ ಟೀಮ್ ಲೀಡ್ ಎಲ್ಲರನ್ನೂ ನಿಲ್ಲಿಸಿಕೊಂಡು ನಿನ್ನೆ ಎಷ್ಟು ಕಾಲ್, ಎಷ್ಟು ಪ್ರೊಫೈಲ್, ಎಷ್ಟು ಇಂಟರ್‌ವ್ಯೂ ಲೈನ್‌ಅಪ್ ಎಂದು ಲೆಕ್ಕ ಕೇಳುತ್ತಾರೆ. ಕೂರಿಸಿದರೆ ಎಲ್ಲಿ ಸಮಾಧಾನವಾಗಿಬಿಡುತ್ತದೋ ಎಂದು ನಿಲ್ಲಿಸುವುದು.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದುಡಿದರೆ ಸಾಕು. ಇವನ ಅಪಾಯಿಂಟ್‌ಮೆಂಟ್ ಲೆಟರಿನಲ್ಲೂ ಹಾಗೇ ಇದೆ. ತೊಡಕು ಏನೆಂದರೆ, ಬೇರೆ ಕೆಲಸ ಹುಡುಕುವವರೆಲ್ಲ ಹಗಲು ಇರುವ ಕೆಲಸದಲ್ಲಿರುತ್ತಾರೆ. ಫೋನೆತ್ತಿದರೆ ಪಿಸುದನಿಯಲ್ಲಿ "ಮೀಟಿಂಗ್‌ನಲ್ಲಿದ್ದೀನಿ, ಏಳರ ಮೇಲೆ ಕಾಲ್ ಮಾಡಿ" ಅನ್ನುತ್ತಾರೆ. ಹಾಗಾಗಿ ಕಾಯ್ದೆಯ ಒಂಬತ್ತು ಗಂಟೆ ಮುಗಿದ ಮೇಲೆಯೇ ಇವನ ನಿಜವಾದ ಕೆಲಸ ಶುರು. ಅಷ್ಟರಲ್ಲಿ ಟ್ರೂಕಾಲರ್ ಇವನ ನಂಬರನ್ನು ಕೆಂಪಗೆ ಸ್ಪ್ಯಾಮ್ ಎಂದು ತೋರಿಸತೊಡಗಿರುತ್ತದೆ. ಊರಿನಲ್ಲಿ ಅವರಮ್ಮನೂ ಒಂದು ಸಲ ಕಟ್ ಮಾಡಿದರಂತೆ.

ಸೋಮವಾರ ಒಬ್ಬನ ಜಾಯಿನಿಂಗ್ ಇತ್ತು. ಭಾನುವಾರ ರಾತ್ರಿ ಇವನು, "ಸರ್, ಡಾಕ್ಯುಮೆಂಟ್ಸ್ ಎಲ್ಲಾ ಇಟ್ಕೊಂಡ್ರಾ? ಶರ್ಟ್ ಐರನ್ ಆಯ್ತಾ?"

"ಎಲ್ಲಾ ರೆಡಿ ಬ್ರೋ. ನೀನು ಆರಾಮಾಗಿ ಮಲ್ಕೋ."

ಬೆಳಿಗ್ಗೆ ಫೋನ್ ಸ್ವಿಚ್ ಆಫ್. ಐಟಿಯಲ್ಲಿ 90 ದಿನ ನೋಟಿಸ್ ಪೀರಿಯಡ್ ಇಟ್ಟವರು ಆ 90 ದಿನ ನೌಕರ ಏನು ಮಾಡಿಯಾನು ಎಂದು ಯೋಚಿಸಲಿಲ್ಲ. ಇವನು ಕೊಡಿಸಿದ ಆಫರ್ ಲೆಟರನ್ನೇ ತೋರಿಸಿ ಮಹಾಶಯ ಮತ್ತೊಂದು ಕಡೆ ಎರಡು ಲಕ್ಷ ಜಾಸ್ತಿ ಮಾಡಿಸಿಕೊಂಡಿದ್ದ. ಟೀಮ್ ಲೀಡ್ ಬೈದದ್ದು ಮಾತ್ರ ಐರನ್ ಆಯ್ತಾ ಎಂದು ಕೇಳಿದವನಿಗೆ.

ಒಬ್ಬ ಸೇರಿಕೊಂಡರೆ ಕನ್ಸಲ್ಟೆನ್ಸಿಗೆ ಸಿಗುವ ಮಾಮೂಲಿ ದರ ವರ್ಷದ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ. ಹನ್ನೆರಡು ಲಕ್ಷದವನಿಗೆ ಹತ್ತಿರಹತ್ತಿರ ಒಂದು ಲಕ್ಷ. ಅದರಲ್ಲಿ ಇವನ ಪಾಲಿಗೆ ಬರುವ ಇನ್ಸೆಂಟಿವ್ ಕೇಳಿದರೆ ನಿಮಗೇ ಬೇಜಾರಾದೀತು. ಅದೂ ಸೇರಿದವನು ಮೂರು ತಿಂಗಳೊಳಗೆ ಬಿಟ್ಟರೆ ವಾಪಸ್, ಜೊತೆಗೆ ಬದಲಿ ಮನುಷ್ಯನನ್ನು ಬಿಟ್ಟಿಯಾಗಿ ಹುಡುಕಿಕೊಡಬೇಕು. ಅದಕ್ಕೇ ಮಗಳನ್ನು ಕೊಟ್ಟ ಮಾವನ ಹಾಗೆ ವಾರವಾರವೂ ವಿಚಾರಿಸುತ್ತಾನೆ: "ಮ್ಯಾನೇಜರ್ ಚೆನ್ನಾಗಿ ನೋಡ್ಕೊಳ್ತಿದಾರಾ? ಕ್ಯಾಂಟೀನ್ ಊಟ ಒಗ್ಗುತ್ತಾ?" 91ನೇ ದಿನ ಈ ಅಕ್ಕರೆ ಥಟ್ಟನೆ ನಿಲ್ಲುತ್ತದೆ. ತಪ್ಪು ತಿಳಿಯಬೇಡಿ, ಅಂದಿಗೆ ನೀವು ಗಟ್ಟಿ ಆದಿರಿ ಅಂತ.

ಇಷ್ಟು ಕಷ್ಟವಿದ್ದರೆ ಬೇರೆ ಕೆಲಸ ನೋಡಿಕೊಳ್ಳಬಾರದೇ ಅನ್ನುತ್ತೀರಿ. ನೋಡುವುದು ಎಲ್ಲಿ? ನೌಕ್ರಿ ಡಾಟ್ ಕಾಮ್‌ನಲ್ಲಿ ರೆಸ್ಯೂಮೆ ಹಾಕಿದರೆ ಮೊದಲು ಕಣ್ಣಿಗೆ ಬೀಳುವುದು ಪಕ್ಕದ ಕುರ್ಚಿಯವಳಿಗೆ, ಆಮೇಲೆ ಟೀಮ್ ಲೀಡ್‌ಗೆ. ಇಡೀ ಆಫೀಸು ಬೆಳಗಿನಿಂದ ರಾತ್ರಿವರೆಗೆ ಜಾಲಾಡುವುದು ಅದನ್ನೇ. ಎರಡು ತಿಂಗಳು ಟಾರ್ಗೆಟ್ ತಪ್ಪಿದರೆ ಆ ಚಿಂತೆಯೂ ಇರುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಲಾಗಿನ್ ಲಾಕ್ ಆಗಿರುತ್ತದೆ. ಊರವರ 90 ದಿನದ ನೋಟಿಸನ್ನು 30ಕ್ಕೆ ಇಳಿಸಲು ಹೆಣಗುವವನಿಗೆ ತನ್ನದೆಂದು ಅರ್ಧ ದಿನದ ನೋಟಿಸೂ ಇಲ್ಲ.

ಆದ್ದರಿಂದ ಸಂಜೆ ಏಳರ ಮೇಲೆ ಗುರುತಿಲ್ಲದ ನಂಬರ್ ಬಂದರೆ ದಯವಿಟ್ಟು ಎತ್ತಿ. ಕೆಲಸ ಬೇಡವಾದರೆ ಬೇಡ ಎಂದೇ ಹೇಳಿ. "ಯೋಚಿಸಿ ಹೇಳ್ತೀನಿ" ಅಂದಿರೋ, ಅವನು ಎಕ್ಸೆಲ್ ಶೀಟಿನಲ್ಲಿ ನಿಮ್ಮ ಹೆಸರಿನ ಮುಂದೆ 'ಇಂಟರೆಸ್ಟೆಡ್' ಎಂದು ಹಾಕಿ, ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ನಿಂತುಕೊಂಡು ಅದನ್ನೇ ಗಟ್ಟಿಯಾಗಿ ಓದುತ್ತಾನೆ.