ಹಳೇ ಮರ್ಸಿಡಿಸ್‌ಗೆ ಹೊಸ ಗಂಟಲು: ಅಂಕಲಿಯಿಂದ ಒಂದು ಬಹಿರಂಗ ಪತ್ರ

ತಮ್ಮಾ,

ಪುಣೆಯಿಂದ ನೀನು 2006ರ ಮರ್ಸಿಡಿಸ್ ಇ-ಕ್ಲಾಸ್ ತಂದದ್ದು ಕೇಳಿ ಸಂತೋಷವಾಯಿತು. ಬರುವ ವಾರ ಅದರ ಕಂಪನಿ ಸ್ಟೀರಿಯೊ ಕಿತ್ತು ದೊಡ್ಡ ಆಂಡ್ರಾಯ್ಡ್ ಪರದೆ ಕೂಡಿಸಿ, ಡಿಕ್ಕಿಯಲ್ಲಿ ಹನ್ನೆರಡು ಇಂಚಿನ ಎರಡು ಬೇಸ್ ಡಬ್ಬಿ ಇಡುತ್ತಿ ಎಂದು ನಿಮ್ಮವ್ವ ಹೇಳಿದರು. ಅಂದಿನಿಂದ ನನಗೆ ಸಮಾಧಾನವಿಲ್ಲ. ನಾಲ್ಕು ಮಾತು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯಲ್ಲೂ ನಿನ್ನ ವಾರಿಗೆಯ ಹುಡುಗರು ಹತ್ತಿಪ್ಪತ್ತು ವರ್ಷ ಓಡಿದ ದೊಡ್ಡ ಕಾರು ತರುತ್ತಾರೆ, ತಂದವರು ಮೊದಲು ಕೈ ಹಾಕುವುದು ಸ್ಟೀರಿಯೊಕ್ಕೇ. ಅವರೂ ಓದಲಿ ಎಂದು ಎಲ್ಲರೆದುರು ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಕೇಳು. ಮರ್ಸಿಡಿಸ್ ಕಂಪನಿ ಪುಣೆಯಲ್ಲಿ ಕಾರು ಜೋಡಿಸಲು ಶುರು ಮಾಡಿದ್ದು 1995ರಲ್ಲಿ. ಆಗ ಅಲ್ಲಿಂದ ಹೊರಬಂದ ಡಬ್ಲ್ಯೂ 124 ಮಾದರಿಯ ಒಂದು ಡೀಸೆಲ್ ಕಾರು ಬಹಳ ವರ್ಷಗಳ ನಂತರ ನನ್ನ ಕೈಗೆ ಬಂತು. ಅದರ ರೇಡಿಯೊ ಸಣ್ಣದು, ಕಪ್ಪು ಮೋರೆಯದು. ಚಾಲೂ ಮಾಡಿದರೆ ಹಿಂದಿನ ಮಡ್‌ಗಾರ್ಡಿನೊಳಗಿಂದ ಏರಿಯಲ್ ಸರ್ರನೆ ತಾನೇ ಮೇಲೇಳುತ್ತಿತ್ತು. ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತ ಬೆಳೆದ ನನಗೆ ಅಷ್ಟು ಸಾಕಾಗಬೇಕಿತ್ತು. ಆದರೂ ಹೊಸದರ ಆಸೆಗೆ ಬಿದ್ದು ಒಂದು ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗ ರೇಡಿಯೊದ ಹಿಂದಿನ ಸಾಕೆಟ್ಟನ್ನು ಕಟರಿನಿಂದ ಕತ್ತರಿಸಿ, ತಂತಿಗಳನ್ನು ಕೈಯಿಂದ ತಿರುವಿ, ಮೇಲೆ ಟೇಪು ಸುತ್ತಿ ಒಂದೇ ತಾಸಿನಲ್ಲಿ ಕೆಲಸ ಮುಗಿಸಿದ. ಹಳೇ ರೇಡಿಯೊವನ್ನು ಅಲ್ಲೇ ಬಿಟ್ಟು ಬಂದೆ.

ವಾರದೊಳಗೆ ಬ್ಯಾಟರಿ ಸತ್ತಿತು. ಇಂಜಿನ್ ವೇಗ ಏರಿದಂತೆ ಸ್ಪೀಕರಿನಲ್ಲಿ ಕುಂಯ್ ಎನ್ನುವ ಸದ್ದೂ ಏರುತ್ತಿತ್ತು. ಏರಿಯಲ್ ಮೇಲೆದ್ದದ್ದು ಕೆಳಗಿಳಿಯಲೇ ಇಲ್ಲ. ಕತ್ತರಿಸಿದ ತಂತಿ ಒಂದೊಂದನ್ನೂ ಹುಡುಕಿ ಮತ್ತೆ ಬೆಸೆಯುವಾಗ ನಾನು ಕಲಿತದ್ದನ್ನು ನಿನಗೆ ಕೊಡುತ್ತಿದ್ದೇನೆ.

ಹೊಸ ಸ್ಟೀರಿಯೊದ ಹಳದಿ ತಂತಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ತು ಬೇಕು. ಸ್ಟೇಶನ್ನು, ಗಡಿಯಾರ ನೆನಪಿಡುವುದು ಅದರ ಬಲದಿಂದ. ಕೆಂಪು ತಂತಿಗೆ ಚಾವಿ ತಿರುವಿದಾಗ ಮಾತ್ರ. ಯುರೋಪಿನ ಅನೇಕ ಕಾರುಗಳ ಸಾಕೆಟ್ಟಿನಲ್ಲಿ ಈ ಎರಡರ ಜಾಗ ಅದಲುಬದಲಾಗಿರುತ್ತದೆ. ಮೀಟರು ಹಚ್ಚಿ ನೋಡದೆ ಜೋಡಿಸಿದರೆ ಒಂದೋ ಸ್ಟೀರಿಯೊ ನೆನಪು ಕಳೆದುಕೊಳ್ಳುತ್ತದೆ, ಇಲ್ಲವೇ ಬ್ಯಾಟರಿ ಸೋರುತ್ತದೆ. ಏರಿಯಲ್ಲಿನ ಮೋಟರಿಗೆ ಹೋಗುವುದು ನೀಲಿ ತಂತಿ. ಕಪ್ಪು ತಂತಿ ಅರ್ಥಿಂಗ್, ಅದು ಬಣ್ಣ ಕೆರೆದ ಬೋಳು ಲೋಹಕ್ಕೆ ಗಟ್ಟಿಯಾಗಿ ಕೂಡಬೇಕು. ಅದು ಸಡಿಲಾದರೆ ಆಲ್ಟರ್ನೇಟರಿನ ಸದ್ದು ಹಾಡಿನೊಳಗೆ ನುಗ್ಗುತ್ತದೆ. ಆಂಪ್ಲಿಫೈಯರಿನ ಪವರ್ ವೈರನ್ನು ಕಾರಿನ ಒಂದು ಮಗ್ಗುಲಿಗೆ, ಹಾಡು ಸಾಗಿಸುವ ವೈರನ್ನು ಇನ್ನೊಂದು ಮಗ್ಗುಲಿಗೆ ಎಳೆಯಬೇಕು. ಬ್ಯಾಟರಿಯಿಂದ ಒಂದೂವರೆ ಫೂಟಿನೊಳಗೆ ಫ್ಯೂಸು ಇರಲೇಬೇಕು. ಅದನ್ನು ಬಿಟ್ಟರೆ, ವೈರಿನ ಸಿಪ್ಪೆ ಎಲ್ಲೋ ಸವೆದು ಬಾಡಿಗೆ ತಾಗಿದ ದಿನ ಕಾರು ಉರಿಯುತ್ತದೆ. 1990ರ ದಶಕದ ಮೊದಲರ್ಧದ ಮರ್ಸಿಡಿಸ್‌ಗಳಲ್ಲಂತೂ ಇಂಜಿನ್ ಕಡೆಯ ವೈರುಗಳ ಸಿಪ್ಪೆ ಕಾವಿಗೆ ಪುಡಿಯಾಗುವುದು ಹೆಸರುವಾಸಿ ದೋಷ. ಹಳೇ ಕಾರಿನ ವೈರಿಗೆ ವಯಸ್ಸಾದವರ ಕೈ ಹಿಡಿದಂತೆ ಹಗುರಾಗಿ ಕೈ ಹಚ್ಚಬೇಕು.

ನಿನ್ನ ಕಾರಿನ ಸಂಗತಿ ಇನ್ನೂ ಸೂಕ್ಷ್ಮ. ಯಾಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1930ರಲ್ಲಿ ಅಮೆರಿಕದಲ್ಲಿ ಪಾಲ್ ಗಾಲ್ವಿನ್ ಮೋಟೊರೋಲಾ ರೇಡಿಯೊ ಮಾರಲು ಶುರು ಮಾಡಿದಾಗ ಅದು ಕಾರಿಗೆ ಹೊರಗಿನಿಂದ ಬಿಗಿಯುವ ಪೆಟ್ಟಿಗೆ. ಆಮೇಲೆ ಬಂದ ಜರ್ಮನಿಯ ಡಿನ್ ಅಳತೆಯಲ್ಲಿ ಸ್ಟೀರಿಯೊದ ಮೋರೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರಕ್ಕೆ ನಿಂತಿತು. ಯಾವ ಕಂಪನಿಯದನ್ನಾದರೂ ತೆಗೆದು ಇನ್ನೊಂದನ್ನು ತೂರಿಸುವುದು ಸುಲಭವಾದದ್ದು ಆ ಅಳತೆಯಿಂದ. ದೊಡ್ಡ ಕಾರುಗಳು ಮಾತ್ರ ಬೇರೆ ಹಾದಿ ಹಿಡಿದವು. ಬಂಗಾಳ ಮೂಲದ ತಂದೆಯ ಮಗ ಅಮರ್ ಬೋಸ್ ಅವರ ಕಂಪನಿ 1983ರ ಕ್ಯಾಡಿಲಾಕ್ ಸೆವಿಲ್‌ನಂಥ ಕಾರುಗಳಿಗೆ ಆ ಕಾರಿನ ಒಳಗನ್ನೇ ಅಳೆದು ಸ್ಪೀಕರು, ಆಂಪ್ಲಿಫೈಯರು ಹೊಂದಿಸಿತು. ಅಂಥ ಸೆಟ್ಟುಗಳಲ್ಲಿ ಸ್ಪೀಕರಿನ ರೋಧ ಎಷ್ಟೋ ಸಲ 2 ಓಮ್ ಅಥವಾ ಅದಕ್ಕೂ ಕಡಿಮೆ. ಪೇಟೆಯಲ್ಲಿ ಸಿಗುವ ಸ್ಟೀರಿಯೊ 4 ಓಮಿಗೆ ಮಾಡಿದ್ದು. ಎರಡನ್ನೂ ನೇರವಾಗಿ ಕೂಡಿಸಿದರೆ ಸ್ಟೀರಿಯೊ ಕಾದು ಸುಡಬಹುದು.

ನಿನ್ನ ಪೀಳಿಗೆಯ ಇ-ಕ್ಲಾಸ್‌ನಲ್ಲಿ ರೇಡಿಯೊ, ಆಂಪ್ಲಿಫೈಯರ್, ಸಿಡಿ ಚೇಂಜರ್ ಒಂದಕ್ಕೊಂದು ಮಾತಾಡುವುದು ಬೆಳಕಿನ ಎಳೆಯ ಮೂಲಕ. ಮೋಸ್ಟ್ ಎಂದು ಅದರ ಹೆಸರು. 2001ರ ಬಿಎಂಡಬ್ಲ್ಯು 7 ಸೀರೀಸ್‌ನಲ್ಲೂ ಅದೇ ಇತ್ತು. ಎಲ್ಲ ಡಬ್ಬಿಗಳೂ ಉಂಗುರದಂತೆ ಕೂಡಿಕೊಂಡಿರುತ್ತವೆ. ಒಂದನ್ನು ಕಿತ್ತು ಎಳೆಯನ್ನು ಹಾಗೇ ಬಿಟ್ಟರೆ ಉಂಗುರ ಕಡಿದು ಎಲ್ಲವೂ ಮೂಕಾಗುತ್ತವೆ. ಆ ಎಳೆಯನ್ನು ಚೂಪಾಗಿ ಮಡಚಿದರೂ ಬೆಳಕು ಸಾಗುವುದಿಲ್ಲ. ಇದನ್ನು ತಿಳಿದವನೇ ನಿನ್ನ ಕಾರಿಗೆ ಕೈ ಹಚ್ಚಬೇಕು.

ಕಂಪನಿಯವರು ಕೊಟ್ಟದ್ದನ್ನೆಲ್ಲ ಪೂಜೆ ಮಾಡು ಎಂದು ನಾನು ಹೇಳಲಾರೆ. ಇಪ್ಪತ್ತು ವರ್ಷಗಳಲ್ಲಿ ಸ್ಪೀಕರಿನ ಅಂಚಿನ ಫೋಮು ನಮ್ಮ ಬಿಸಿಲಿಗೆ ಉದುರಿರುತ್ತದೆ, ಸಣ್ಣ ಸ್ಪೀಕರುಗಳಿಗೆ ತಳದ ಸ್ವರ ಎತ್ತುವ ತ್ರಾಣವೂ ಇಲ್ಲ. ಕೆಟ್ಟದ್ದನ್ನು ಬದಲಿಸು. ಫೋಮನ್ನು ಹೊಸದಾಗಿ ಅಂಟಿಸಬಹುದು, ಇಲ್ಲವೇ ಅದೇ ಅಳತೆಯ, ಅದೇ ಓಮಿನ ಒಳ್ಳೆಯ ಸ್ಪೀಕರು ಹಾಕಬಹುದು. ಬಾಗಿಲಿನ ತಗಡಿಗೆ ಒಳಗಿನಿಂದ ಬ್ಯುಟೈಲ್ ಹಾಳೆ ಅಂಟಿಸಿದರೆ ಗಡಗಡ ನಿಂತು ಹಾಡು ತಿಳಿಯಾಗುತ್ತದೆ. ಫೋನಿನ ಹಾಡು ಬೇಕೆಂದರೆ ನಿನ್ನ ಕಾರಿನ ಭಾಷೆ ಬಲ್ಲ ಅಡಾಪ್ಟರು ಕೊಂಡು, ಮೂಲ ಸಾಕೆಟ್ಟು ಕತ್ತರಿಸದೆ ಕೂಡಿಸು. ನಾಳೆ ಬೇಡವಾದರೆ ತೆಗೆದು ಮೊದಲಿನಂತೆ ಮಾಡಲು ಬರಬೇಕು.

ಡಬ್ಬಿಯ ಮೇಲಿನ 4×50 ವ್ಯಾಟ್ ಎಂಬ ಅಕ್ಷರಕ್ಕೂ ಮರುಳಾಗಬೇಡ. ಇಂಜಿನ್ ಓಡುವಾಗ ಕಾರಿನಲ್ಲಿರುವುದು 14.4 ವೋಲ್ಟಿನ ಆಸುಪಾಸು. ಅದನ್ನು ಏರಿಸುವ ಏರ್ಪಾಡು ಸ್ಟೀರಿಯೊದೊಳಗೆ ಇಲ್ಲದಿದ್ದರೆ 4 ಓಮಿನ ಸ್ಪೀಕರಿಗೆ ಶುದ್ಧ ದನಿ 26 ವ್ಯಾಟ್ ದಾಟಲಾರದು. ಲೆಕ್ಕ ನೀನೇ ಹಾಕಿ ನೋಡು. ಕೈಗೆ ಸಿಗುವುದು 20ರ ಹತ್ತಿರ. ಕಿವಿಗೆ ದನಿ ಎರಡು ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅಷ್ಟು ರೊಕ್ಕ ಸುರಿದು ನೀನು ಕೊಳ್ಳುವುದು ಏನನ್ನು?

ಹಂಗಾಮಿನಲ್ಲಿ ನಮ್ಮ ರಸ್ತೆಯ ಮೇಲೆ ಕಬ್ಬಿನ ಟ್ರ್ಯಾಕ್ಟರು ಬರುವುದನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದಿ. ಹಿಂದೆ ಎರಡು ಟ್ರೇಲರ್, ಮೇಲೆ ಸ್ಪೀಕರಿನ ಗೋಡೆ. ಹಿಂದಿನವರು ಎಷ್ಟು ಹಾರ್ನ್ ಬಾರಿಸಿದರೂ ಡ್ರೈವರನಿಗೆ ಕೇಳಿಸುವುದಿಲ್ಲ. ಅವನಿಗೆ ರಾತ್ರಿಯಿಡೀ ನಿದ್ದೆ ತಡೆಯಬೇಕು, ಅವನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಭಯವಾಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಕಾರಿನ ಗಾಜು ಏರಿಸಿ ಒಳಗೆ ಕೂತವನೂ ಆಂಬುಲೆನ್ಸಿನ ಸದ್ದು ಕೇಳುವಷ್ಟು ಜಾಗವನ್ನು ಕಿವಿಗೆ ಬಿಡಬೇಕು.

ತಮ್ಮಾ, ಕಿವಿಯ ವಿಷಯದಲ್ಲಿ ನಮ್ಮ ಸೀಮೆ ಬಡವಲ್ಲ. ಕಾಗವಾಡ ದಾಟಿದರೆ ಮಿರಜ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಆಯುಧ ಮಾಡುತ್ತಿದ್ದ ಶಿಕಲಗಾರರು ಅಲ್ಲಿ ತಂತಿವಾದ್ಯಕ್ಕೆ ಕೈ ಹಚ್ಚಿದರು. 2024ರಲ್ಲಿ ಮಿರಜದ ಸಿತಾರು, ತಂಬೂರಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನೆಲೆ ನಿಂತ ಊರು ಅದು. ಗದುಗಿನ ಕಡೆಯಿಂದ ಹೊರಟ ಭೀಮಸೇನ ಜೋಶಿಯವರಿಗೆ ಮರ್ಸಿಡಿಸ್ ಎಂದರೆ ಪ್ರಾಣ. ದೂರದೂರದ ಕಛೇರಿಗಳಿಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಒಳ್ಳೆಯ ಕಾರು, ಒಳ್ಳೆಯ ಸ್ವರ ಎರಡನ್ನೂ ಒಟ್ಟಿಗೆ ಪ್ರೀತಿಸಬಹುದು ಎನ್ನಲು ನನಗೆ ಅವರೇ ಸಾಕು.

ಹಾಗಾಗಿ ಸ್ಟೀರಿಯೊ ಪರೀಕ್ಷೆಗೆ ನಾನು ಹಚ್ಚುವುದು ತಂಬೂರಿಯನ್ನು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನೆಳೆ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದಾಗ ಒಂದು ಸ್ವರದೊಳಗಿಂದ ಹತ್ತು ಸ್ವರ ಅರಳುತ್ತವೆ. ಅದೇ ಜವಾರಿ. ಗಂಡು ಶ್ರುತಿಯ ಖರ್ಜದ, ಅಂದರೆ ತಳದ ಷಡ್ಜದ, ತಂತಿ ಮಿಡಿಯುವುದು 70 ಹರ್ಟ್ಸ್ ಸುತ್ತ. ಅದು ಕೇಳಿಸಬೇಕಾದರೆ ಒಂದು ಎಂಟಿಂಚಿನ ಸಬ್‌ವೂಫರು, ಅದೂ ಹದವಾಗಿ ನುಡಿದರೆ, ಸಾಕು. ಬೇಸು ಹೆಚ್ಚಾದರೆ ಮೇಲಿನ ಹತ್ತೂ ಸ್ವರ ಕೆಸರಿನಲ್ಲಿ ಮುಳುಗುತ್ತವೆ.

ಮೂರು ತಿಂಗಳು ಹುಡುಕಿ ನನ್ನ ಕಾರಿಗೆ ಅದೇ ಮಾದರಿಯ ಹಳೇ ರೇಡಿಯೊ ಮತ್ತೆ ತಂದೆ. ಸ್ಪೀಕರು ಹೊಸವು, ಸೀಟಿನ ಕೆಳಗೆ ಒಂದು ಸಣ್ಣ ಆಂಪ್ಲಿಫೈಯರು. ಎಲ್ಲ ಕೂಡಿಸಿದ ಸಂಜೆ ಹೊಳೆಯ ದಂಡೆಗೆ ಹೋಗಿ ಇಂಜಿನ್ ಆರಿಸಿ ತಂಬೂರಿ ಹಚ್ಚಿದೆ. ಖರ್ಜ ಸೀಟಿನ ತಳದಿಂದ ಎದ್ದು ಬಂತು, ಅದರ ಮೇಲೆ ಒಂದೊಂದೇ ಸ್ವರ ಬಿಚ್ಚಿಕೊಂಡವು. ಗಾಜು ಇಳಿಸಿದ್ದೆ. ಆಚೆ ಗದ್ದೆಗೆ ನೀರು ಬಿಟ್ಟ ಸದ್ದೂ ಜೊತೆಗೇ ಕೇಳುತ್ತಿತ್ತು.

ಅಂಗಡಿಗೆ ಹೋಗುವ ಮೊದಲು ಈ ರವಿವಾರ ಕಾರು ತೆಗೆದುಕೊಂಡು ಮನೆಗೆ ಬಾ. ಟ್ರಿಮ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿ, ಮೀಟರು, ಬೆಸುಗೆಯ ಕಡ್ಡಿ ನನ್ನ ಹತ್ತಿರ ಇವೆ. ಕಟರು ಮಾತ್ರ ತರಬೇಡ. ಮೊದಲು ಇಬ್ಬರೂ ಕೂತು, ನಿನ್ನ ಕಾರು ಈಗ ಹೇಗೆ ಹಾಡುತ್ತದೆ ಎಂದು ಅರ್ಧ ತಾಸು ಕೇಳೋಣ. ಏನು ಬದಲಿಸಬೇಕು ಎಂಬುದನ್ನು ಆಮೇಲೆ ನಿನ್ನ ಕಿವಿಯೇ ಹೇಳಲಿ.

ನಿನ್ನ ಕಾಕಾ,
ಅಂಕಲಿ