ಸಪರಿವಾರ ಜಂಬೂಸವಾರಿ

ಮಕ್ಕಳಿಗೆ ಊರು ತೋರಿಸುತ್ತೇನೆಂದು ಹೊರಡುವ ಗೃಹಸ್ಥನು ಮೊದಲು ಮನಗಾಣಬೇಕಾದುದು ಇಷ್ಟು: ಯಾವುದನ್ನು ನೋಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನು ಗೊತ್ತುಮಾಡುವ ಅಧಿಕಾರ ಅವನಿಗಿಲ್ಲ, ಅವನ ಪಾಲಿಗೆ ಬಂದಿರುವುದು ಹೊರುವ ಅಧಿಕಾರ ಮಾತ್ರ. ಈ ತತ್ತ್ವವು ಸಕಲ ನಗರಗಳಿಗೂ ಅನ್ವಯಿಸುವುದಾದರೂ ಅದರ ಪೂರ್ಣ ಸಾಕ್ಷಾತ್ಕಾರವಾಗುವುದು ಮೈಸೂರಿನಲ್ಲಿಯೇ. ಏಕೆಂದರೆ ಹೊರುವ ಕಾರ್ಯವನ್ನೇ ಒಂದು ಮಹೋತ್ಸವವನ್ನಾಗಿ ಮಾಡಿ, ಅದನ್ನು ನೋಡಲು ಲಕ್ಷೋಪಲಕ್ಷ ಜನರನ್ನು ಬೀದಿಯ ಇಕ್ಕೆಲಗಳಲ್ಲಿ ನಿಲ್ಲಿಸುವ ಊರು ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ.

ವಿಜಯದಶಮಿಯಂದು 750 ಕಿಲೋಗ್ರಾಂ ತೂಕದ ಅಂಬಾರಿಯಲ್ಲಿ ತಾಯಿ ಚಾಮುಂಡೇಶ್ವರಿಯನ್ನು ಹೊತ್ತು, ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರು ನಡೆಯುವ ಗಜರಾಜನನ್ನು ಕಂಡು ಎಲ್ಲರೂ ಕೈ ಮುಗಿಯುತ್ತಾರೆ. ಆದರೆ ಆತನಿಗೆ ಸಲ್ಲುವ ಉಪಚಾರಗಳನ್ನೂ ಗಮನಿಸಬೇಕು. ವಾರಗಟ್ಟಲೆ ಮುಂಚೆಯೇ ಆತನನ್ನು ಕಾಡಿನ ಶಿಬಿರದಿಂದ ಕರೆತಂದು, ಬೆನ್ನಿನ ಮೇಲೆ ಮರಳಿನ ಮೂಟೆಗಳನ್ನು ಹೇರಿ, ಭಾರವನ್ನು ಹಂತಹಂತವಾಗಿ ಏರಿಸುತ್ತ ತಾಲೀಮು ಕೊಡಿಸುತ್ತಾರೆ. ಭತ್ತ ಬೆಲ್ಲ ತೆಂಗಿನಕಾಯಿಗಳನ್ನು ಹುಲ್ಲಿನಲ್ಲಿ ಕಟ್ಟಿದ ಕುಸುರೆಯನ್ನು ಕೈಯಾರೆ ಬಾಯಿಗಿಡುತ್ತಾರೆ. ಮೈ ಇಳಿಯಿತೋ ಏರಿತೋ ಎಂದು ತೂಕ ಹಾಕಿಸಿ ನೋಡಿದರೆ ಅದು ಮರುದಿನದ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ನನಗಾದರೋ ಇವಾವ ಪೂರ್ವಸಿದ್ಧತೆಯೂ ದೊರೆಯಲಿಲ್ಲ. ಮೈಸೂರಿನ ರೈಲು ನಿಲ್ದಾಣದ ಹೆಬ್ಬಾಗಿಲನ್ನು ದಾಟುವುದಕ್ಕೆ ಮುನ್ನವೇ ಮೂರು ವರ್ಷದ ಮಗಳು ಎರಡೂ ಕೈಗಳನ್ನು ಮೇಲೆತ್ತಿ “ಅಪ್ಪಾ, ಎತ್ಕೋ” ಎಂದಳು. ಆ ಕ್ಷಣದಲ್ಲಿಯೇ ನನಗೆ ಅಂಬಾರಿ ಆನೆಯ ಪದವಿ ಲಭಿಸಿತು. ಎಂಟು ವರ್ಷದ ಮಗನು ನಿಶಾನೆ ಆನೆಯಾಗಿ ಮುಂದೆ ಓಡಿದನು. ಚೀಲಗಳನ್ನು ಹಿಡಿದು ಹಿಂದಿನಿಂದ “ಎಡಕ್ಕೆ ರೀ, ಗಾಡಿ ಬರ್ತಿದೆ, ಸ್ವಲ್ಪ ಬಗ್ಗಿ” ಎಂದು ಆಜ್ಞಾಪಿಸುತ್ತಿದ್ದ ಸಹಧರ್ಮಿಣಿಯನ್ನು ಮಾವುತರೆನ್ನದೆ ಬೇರೇನೆನ್ನಲಿ?

ಅರಮನೆಯ ವಿಷಯದಲ್ಲಿ ನಾನು ಸಾಕಷ್ಟು ವಿದ್ಯಾರ್ಜನೆ ಮಾಡಿಕೊಂಡೇ ಬಂದಿದ್ದೆನು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದುದು, ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯು ಹೊಸ ಅರಮನೆಯನ್ನು ರೂಪಿಸಿದುದು, 1912ರಲ್ಲಿ ಅದು ಪೂರ್ಣಗೊಂಡುದು, ಇವೆಲ್ಲವನ್ನೂ ಯಥೋಚಿತವಾದ ಗಾಂಭೀರ್ಯದಿಂದ ನಿರೂಪಿಸಿ, ಶ್ರೋತೃಗಳ ಮುಖದಲ್ಲಿ ವಿಸ್ಮಯವು ಮೂಡುವುದನ್ನು ನಿರೀಕ್ಷಿಸುತ್ತ ನಿಂತೆನು. ಮಗನು ಬಹಳ ಹೊತ್ತು ಯೋಚಿಸಿ, “ಬೆಂಕಿ ಬಿದ್ದಾಗ ಮದುವೆ ಊಟ ಮುಗಿದಿತ್ತಾ?” ಎಂದು ಕೇಳಿದನು. ನಾನು ಓದಿದ ಯಾವ ಚರಿತ್ರಕಾರನೂ ಈ ಪ್ರಶ್ನೆಯನ್ನು ಎತ್ತಿರಲಿಲ್ಲ. ಮೈಸೂರಿನ ಇತಿಹಾಸದಲ್ಲಿ ಇಷ್ಟು ದೊಡ್ಡದೊಂದು ಕಂದಕವಿರುವುದು ಅಂದಿನವರೆಗೆ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಒಳಹೊಕ್ಕೊಡನೆ ಗೊಂಬೆ ತೊಟ್ಟಿ. ಅಲ್ಲಿ ಚಿನ್ನದ ತಗಡು ಹೊದಿಸಿದ ಅಂಬಾರಿ. ಅದನ್ನು ಕಂಡು ಮಗಳು ನನ್ನ ಹೆಗಲಿನಿಂದ ಇಳಿಯಲು ಮೊದಲ ಬಾರಿಗೆ ಸಮ್ಮತಿಸಿದಳಾದರೂ, ಅದು ತಾನು ಇನ್ನೂ ಉತ್ತಮವಾದ ಆಸನಕ್ಕೆ ವರ್ಗವಾಗುವೆನೆಂಬ ಭರವಸೆಯಿಂದ ಮಾತ್ರ. ಅದು ಸಾಧ್ಯವಿಲ್ಲವೆಂದು ಕಾವಲಿನವರು ನಗುತ್ತ ತಿಳಿಸಿದಮೇಲೆ ನಿರುಪಾಯಳಾಗಿ ಹಳೆಯ ಆಸನಕ್ಕೇ ಮರಳಿದಳು. ಕಲ್ಯಾಣಮಂಟಪದಲ್ಲಿ ಗ್ಲಾಸ್ಗೋದಿಂದ ಸಮುದ್ರ ದಾಟಿ ಬಂದ ಎರಕದ ಕಬ್ಬಿಣದ ಕಂಬಗಳೂ, ಮೇಲ್ಛಾವಣಿಯ ಬಣ್ಣದ ಗಾಜಿನಲ್ಲಿ ಗರಿಗೆದರಿದ ನವಿಲುಗಳೂ ಇವೆ. ಮಗಳು ಆ ನವಿಲುಗಳನ್ನು ಒಂದೊಂದಾಗಿ ಮಾತನಾಡಿಸಿದಳು. ಕತ್ತಿನ ಮೇಲೆ ಅಂಬಾರಿಯನ್ನು ಧರಿಸಿದವನಿಗೆ ಊರ್ಧ್ವದೃಷ್ಟಿಯು ಅಸಾಧ್ಯವಾದುದರಿಂದ ನಾನು ನೆಲದ ಚಿತ್ತಾರದಲ್ಲಿರುವ ನವಿಲುಗಳನ್ನು ನೋಡಿ ತೃಪ್ತನಾದೆನು. ಆನೆಗಳ ಸೌಕರ್ಯವನ್ನು ಕೂಡ ಆಲೋಚಿಸಿ ಕಟ್ಟಿಸಿದ ಮಹಾರಾಜರ ದೂರದರ್ಶಿತ್ವವನ್ನು ಎಷ್ಟು ಹೊಗಳಿದರೂ ಸಾಲದು. ಅಲ್ಲಿಯ ಗೋಡೆಗಳಲ್ಲಿ ದಸರಾ ಮೆರವಣಿಗೆಯ ವರ್ಣಚಿತ್ರಗಳ ಸಾಲು. ಆನೆ, ಕುದುರೆ, ಸೈನಿಕರು, ಅಧಿಕಾರಿಗಳು, ಎಲ್ಲರೂ ಇದ್ದಾರೆ. ಮಗನು ಚಿತ್ರದಿಂದ ಚಿತ್ರಕ್ಕೆ ಹೋಗಿ ಪರೀಕ್ಷಿಸಿ, “ಲದ್ದಿ ಎತ್ತೋರು ಎಲ್ಲಿ?” ಎಂದನು.

ಮೃಗಾಲಯವು 1892ರಲ್ಲಿ ಸ್ಥಾಪಿತವಾದುದು. ಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತುದು. ನೆರಳಿಗೂ ನಿರ್ಮಲತೆಗೂ ಖ್ಯಾತವಾದುದು. ಅಲ್ಲಿ ಜಿರಾಫೆಯ ಮುಂದೆ ನಾವು ಬಹಳ ಹೊತ್ತು ನಿಲ್ಲಲಿಲ್ಲ. ತನಗಿಂತ ಎತ್ತರದಲ್ಲಿ ಮತ್ತೊಬ್ಬರಿರುವುದು ಹೆಗಲಿನವರಿಗೆ ಒಪ್ಪಿಗೆಯಾಗಲಿಲ್ಲ. ಆನೆಯ ಆವರಣದ ಬಳಿ ಮಾತ್ರ ದೀರ್ಘಕಾಲ ನಿಂತೆವು. ಆ ಪ್ರಾಣಿಯು ಸೊಪ್ಪು ಮೆಲ್ಲುತ್ತ ನನ್ನನ್ನೂ ನನ್ನ ಹೆಗಲನ್ನೂ ಆಮೂಲಾಗ್ರವಾಗಿ ಅವಲೋಕಿಸಿತು. ಅದರ ಬೆನ್ನು ಬರಿದಾಗಿತ್ತು. ನಮ್ಮಿಬ್ಬರಲ್ಲಿ ಪಂಜರದಲ್ಲಿರುವವರು ಯಾರೆಂಬ ವಿಷಯದಲ್ಲಿ ಅದಕ್ಕೆ ಯಾವ ಸಂದೇಹವೂ ಇದ್ದಂತೆ ತೋರಲಿಲ್ಲ.

ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಏರಿ ದೇವಿಯ ದರ್ಶನ ಮಾಡಿದೆವು. ಆದರೆ ಮಕ್ಕಳ ಭಕ್ತಿಯು ಸಂಪೂರ್ಣವಾಗಿ ಹರಿದುದು ಒಂದು ಕೈಯಲ್ಲಿ ಖಡ್ಗವನ್ನೂ ಇನ್ನೊಂದರಲ್ಲಿ ಸರ್ಪವನ್ನೂ ಹಿಡಿದು ನಿಂತಿರುವ ಮಹಿಷಾಸುರನ ಕಡೆಗೆ. ಊರಿಗೆ ಇವನದೇ ಹೆಸರೆಂದು ಕೇಳಿ ಮಗನಿಗೆ ಅನ್ಯಾಯವೆನಿಸಿತು: “ಕೆಟ್ಟವನ ಹೆಸರು ಯಾಕೆ ಇಟ್ರು?” “ನಿನ್ನ ತರಗತಿಯಲ್ಲಿ ಮೇಷ್ಟರ ಬಾಯಲ್ಲಿ ಯಾರ ಹೆಸರು ಹೆಚ್ಚಾಗಿ ಬರುತ್ತೆ, ಹೇಳು” ಎಂದೆನು. ಅವನು ಮರುಮಾತಾಡದೆ ಮೆಟ್ಟಿಲುಗಳ ಕಡೆ ನಡೆದನು. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಆ ಸಾವಿರ ಮೆಟ್ಟಿಲುಗಳಲ್ಲಿ ಏಕಶಿಲೆಯ ಬೃಹನ್ನಂದಿಯವರೆಗೆ ಇಳಿಯುವುದೆಂದೂ, ಎಣಿಸುವ ಹೊಣೆ ಅವನದೆಂದೂ ತೀರ್ಮಾನವಾಗಿತ್ತು. ಇನ್ನೂರನ್ನು ದಾಟುವ ಹೊತ್ತಿಗೆ ತಂಗಿಯು ಮೇಲಿನಿಂದ “ಹದಿನಾಲ್ಕು” ಎಂದು ಸಹಾಯ ಮಾಡಲಾಗಿ ಲೆಕ್ಕವು ತಪ್ಪಿತು. ಪುನಃ ಮೇಲಕ್ಕೆ ಹೋಗಿ ಮೊದಲಿನಿಂದ ಎಣಿಸಬೇಕೆಂದು ಅವನು ಹಟ ಹಿಡಿದನು. ನಂದಿಯು ಅಷ್ಟು ಶತಮಾನಗಳಿಂದ ಕುಳಿತೇ ಇರುವುದರ ಔಚಿತ್ಯವು ನನಗೆ ಆಗ ಹೊಳೆಯಿತು.

ರೈಲ್ವೆ ವಸ್ತುಸಂಗ್ರಹಾಲಯವು 1979ರಲ್ಲಿ ಆರಂಭವಾದುದು. ಹಳೆಯ ಉಗಿಬಂಡಿಗಳ ವೈಭವವನ್ನು ಬಣ್ಣಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಹಾರಾಣಿಯವರ ಸಲೂನ್ ಬಂಡಿಯಲ್ಲಿ ಶೌಚಾಲಯವೂ ಇದೆಯೆಂಬ ಸಮಾಚಾರವು ಹಬ್ಬಿ, ಅದನ್ನು ಕಂಡೊಡನೆ ಇಬ್ಬರಿಗೂ ಆ ಸೌಲಭ್ಯದ ಅಗತ್ಯವು ತತ್‌ಕ್ಷಣವೇ ಉಂಟಾಯಿತು. ಪ್ರದರ್ಶನಕ್ಕಿಟ್ಟುದು ಉಪಯೋಗಕ್ಕಲ್ಲವೆಂಬ ಸೂಕ್ಷ್ಮವನ್ನು ಮಕ್ಕಳಿಗೆ ಮನಗಾಣಿಸುವುದು ಅದ್ವೈತವನ್ನು ಬೋಧಿಸುವುದಕ್ಕಿಂತ ಕಷ್ಟ.

ಪೇಟೆಯಲ್ಲಿ ಎರಡು ಗಡಿಯಾರಗಳಿವೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಎದ್ದುದು ದೊಡ್ಡ ಗಡಿಯಾರ. ವೈಸರಾಯ್ ಡಫರಿನ್ನರ ಹೆಸರಿನದು ಚಿಕ್ಕ ಗಡಿಯಾರ. ಚಿಕ್ಕದೇ ವಯಸ್ಸಿನಲ್ಲಿ ಹಿರಿಯದೆಂದು ನಾನು ತಿಳಿಸಿದುದೇ ತಡ, ಅಣ್ಣನು ಇನ್ನುಮುಂದೆ ತನ್ನ ಮಾತು ಕೇಳತಕ್ಕದ್ದೆಂದು ತಂಗಿಯು ಘೋಷಿಸಿದಳು. ಈ ವ್ಯಾಜ್ಯವು ನಡೆಯುತ್ತಿರುವಂತೆಯೇ ದೇವರಾಜ ಮಾರುಕಟ್ಟೆಯನ್ನು ಹೊಕ್ಕೆವು. ಕುಂಕುಮದ ಗೋಪುರಗಳು, ಮಾರುಗಟ್ಟಲೆ ಮಲ್ಲಿಗೆ, ಬಾಳೆಗೊನೆಗಳ ಸಾಲು. ನನ್ನ ಎರಡೂ ಕೈಗಳು ಹೆಗಲಿನವರ ಪಾದಸೇವೆಯಲ್ಲಿ ತೊಡಗಿದ್ದುದರಿಂದ, ಮಾವುತರು ನಂಜನಗೂಡಿನ ರಸಬಾಳೆಯೊಂದನ್ನು ಸುಲಿದು ನನ್ನ ಬಾಯಿಗಿಟ್ಟರು. ಕುಸುರೆಯ ಮಹತ್ತ್ವವು ಹೊತ್ತವನಿಗೇ ಗೊತ್ತು.

ಭಾನುವಾರ ಸಂಜೆ ಏಳು ಗಂಟೆಗೆ ಅರಮನೆಯ ಲಕ್ಷಕ್ಕೆ ಸಮೀಪದ ದೀಪಗಳು ಏಕಕಾಲದಲ್ಲಿ ಬೆಳಗಿದಾಗ ಮಗಳು ಗಾಢನಿದ್ರೆಯಲ್ಲಿದ್ದಳು; ಮಗನು ಬೊಂಬಾಯಿ ಮಿಠಾಯಿಯವನನ್ನು ನೋಡುತ್ತಿದ್ದನು. ಎಚ್ಚರದ ಮಗುವಿಗಿಂತ ನಿದ್ರಿತ ಶಿಶುವು ಇಮ್ಮಡಿ ಭಾರವಾಗಿರುವುದೆಂಬುದನ್ನು ಭೌತಶಾಸ್ತ್ರವು ಇನ್ನೂ ಒಪ್ಪಬೇಕಾಗಿದೆ.

ಆದರೂ ಮೈಸೂರನ್ನು ನೋಡುವ ಸರಿಯಾದ ಕ್ರಮ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಊರು ಬೆಳೆದುದೇ ಮೆರವಣಿಗೆಯ ವೇಗದಲ್ಲಿ: ನಾಲ್ಕು ಹೆಜ್ಜೆ ನಡೆದು ನಿಲ್ಲುವುದು, ವೃತ್ತವನ್ನು ನಿಧಾನವಾಗಿ ಬಳಸುವುದು, ಮೇಲೆ ಕುಳಿತವರಿಗೆ ಎಲ್ಲವೂ ಕಾಣುವಂತೆ ನೋಡಿಕೊಳ್ಳುವುದು. ಕಾರಿನಲ್ಲಿ ಒಂದೇ ದಿನಕ್ಕೆ ಹತ್ತು ಸ್ಥಳಗಳನ್ನು ಮುಗಿಸಿ ಹೋಗುವವರು ನೋಡುವುದು ಟಿಕೀಟಿನ ಕಿಂಡಿಗಳನ್ನು ಮಾತ್ರ. ಆದಕಾರಣ ಮಕ್ಕಳೊಂದಿಗರಲ್ಲಿ ನನ್ನ ವಿಜ್ಞಾಪನೆ: ಬೆಳಗಿಗೆ ಒಂದು, ಸಂಜೆಗೆ ಒಂದು, ಇದಕ್ಕಿಂತ ಹೆಚ್ಚಿನ ಸ್ಥಳಗಳನ್ನು ಇಟ್ಟುಕೊಳ್ಳಬೇಡಿ, ಮೃಗಾಲಯಕ್ಕೆ ಮಂಗಳವಾರ ರಜೆಯೆಂಬುದನ್ನು ಮರೆಯಬೇಡಿ, ಚರಿತ್ರೆಯನ್ನು ಓದಿಕೊಂಡು ಹೋಗಿ, ಆದರೆ ಕೇಳಿದರೆ ಮಾತ್ರ ಹೇಳಿ, ಹೊರಡುವುದಕ್ಕೆ ಒಂದು ತಿಂಗಳ ಮುಂಚಿನಿಂದಲೇ ಮನೆಯ ಅಂಗಳದಲ್ಲಿ ಮರಳಿನ ಮೂಟೆಯನ್ನು ಹೊತ್ತು ಅಭ್ಯಾಸ ಮಾಡಿಕೊಳ್ಳಿ.