ಯವನಾಪ್ತವಾಕ್ಯ ಮೀಮಾಂಸೆ: ನೇತ್ರಾವತೀ ಕಾಂಡ

ಪ್ರಾಚೀನ ಗ್ರೀಕನು ಹೇಳಿದ್ದೆಲ್ಲ ಪ್ರಮಾಣ, ಹೇಳದೆ ಬಿಟ್ಟದ್ದು ಪರಮ ಪ್ರಮಾಣ ಎಂಬ ಸಿದ್ಧಾಂತಕ್ಕೆ ಯವನಾಪ್ತವಾಕ್ಯವಾದವೆಂದು ಹೆಸರು. ಯುರೋಪಿನಲ್ಲಿ ಇದರ ಆಚಾರ್ಯಪೀಠ ಥಾಮಸ್ ಹಾಬ್ಸನಿಗೆ ಸಲ್ಲಬೇಕು; ಪೆಲೊಪೊನೀಸಿಯನ್ ಯುದ್ಧದ ಚರಿತ್ರೆ ಬರೆದ ಥುಸಿಡಿಡೀಸನನ್ನು 1629ರಲ್ಲಿ ಇಂಗ್ಲಿಷಿಗೆ ತಂದ ಆತ, ರಾಜನೀತಿ ಬಲ್ಲ ಇತಿಹಾಸಕಾರರಲ್ಲಿ ಅವನಿಗೆ ಮಿಗಿಲಾದವರಿಲ್ಲವೆಂದು ಸಾರಿದನು. ಆದರೆ ಥುಸಿಡಿಡೀಸನು ಸ್ವತಃ ಸೇನಾನಿಯಾಗಿ ಆ ಯುದ್ಧದಲ್ಲಿದ್ದು, ಕಂಡದ್ದನ್ನೂ ವಿಚಾರಿಸಿ ತಿಳಿದದ್ದನ್ನೂ ಬರೆದವನಾದ ಕಾರಣ ಶುದ್ಧ ಭಕ್ತಿಗೆ ಅಷ್ಟಾಗಿ ಒದಗುವುದಿಲ್ಲ. ಆ ದೋಷ ಲವಲೇಶವೂ ಇಲ್ಲದ ಟಾಲೆಮಿ ದೊರೆತದ್ದು ದಕ್ಷಿಣ ಕನ್ನಡದ ಪುಣ್ಯ.

ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಕುಳಿತೇ ಊರೂರಿನ ಅಕ್ಷಾಂಶ ರೇಖಾಂಶಗಳನ್ನು ಪಟ್ಟಿಮಾಡಿದ ಈ ಭೂಗೋಳಜ್ಞನು ನಮ್ಮ ಕರಾವಳಿಯಲ್ಲಿ 'ನಿತ್ರ' ಎಂಬ ಪೇಟೆಯನ್ನು ಹೆಸರಿಸಿದ್ದಾನೆ, ಅವನಿಗೂ ಮೊದಲು ಪ್ಲಿನಿಯು 'ನಿತ್ರಿಯಾಸ್'ನ ಕಡಲ್ಗಳ್ಳರ ಬಗ್ಗೆ ಎಚ್ಚರಿಸಿದ್ದನು (ಪ್ಲಿನಿ ರೋಮಿನವನು, ಆದರೂ ಪಂಕ್ತಿಯಲ್ಲಿ ಕೂರಿಸಿಕೊಳ್ಳಲಾಗಿದೆ). ನಿತ್ರವೆಂದರೆ ನೇತ್ರಾವತಿಯ ದಡವೇ ಎಂದು ಕೆಲವು ವಿದ್ವಾಂಸರು ಸೂಚಿಸಿದ್ದೇ ತಡ, ಆ ನದಿ ಹಾದುಬರುವ ಬೆಳ್ತಂಗಡಿ, ಬಂಟ್ವಾಳ ಸೀಮೆಗಳಿಗೂ ಯವನ ಗೌರವ ತಾನಾಗಿ ಏರಿತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವೇ ನಿತ್ರವೆಂಬ ವಾದವೂ ಇದೆ. ದ್ವೀಪವು ಉತ್ತರ ಕನ್ನಡಕ್ಕೆ ಸೇರಿದ್ದರಿಂದ ಇಲ್ಲಿ ಅದು ಪೂರ್ವಪಕ್ಷ.

ತೊಡಕು ಒಂದೇ. ಟಾಲೆಮಿಯ ಗಣನೆಯಂತೆ ನಕ್ಷೆ ಬರೆದರೆ ಪರ್ಯಾಯದ್ವೀಪವು ಮೊಟಕಾಗಿ, ಪಶ್ಚಿಮ ಕರಾವಳಿಯು ಹೆಚ್ಚುಕಡಿಮೆ ಪೂರ್ವಕ್ಕೆ ಚಾಚಿಕೊಂಡು, ಕಡಲು ದಕ್ಷಿಣ ದಿಕ್ಕಿಗೆ ಬೀಳುತ್ತದೆ; ಆಗ ಬಂಟ್ವಾಳದಲ್ಲಿ ಮಂಗಳೂರಿನ ಬಸ್ಸು ಹತ್ತಿದವರು ತೆಂಕಣಕ್ಕೆ ಹೋಗಬೇಕಾಗುತ್ತದೆ. ಪಡುವಣಕ್ಕೇ ಹರಿಯುವ ಹಟ ಹಿಡಿದ ನದಿಯದು ಇದರಲ್ಲಿ ತಪ್ಪೆಂದು ಸಂಪ್ರದಾಯವು ತೀರ್ಮಾನಿಸುತ್ತದೆ.

ಮೂಡುಬಿದಿರೆಯ ಸ್ಥಿತಿ ಶೋಚನೀಯ. ಸಾವಿರ ಕಂಬದ ಬಸದಿ 1430ರದೆಂದು ಅಲ್ಲಿನ ಶಾಸನವೇ ಹೇಳಿಬಿಡುವುದರಿಂದ ಊಹೆಗೆ ಎಡೆಯಿಲ್ಲ. ಬೆಳ್ತಂಗಡಿ ತಾಲೂಕಿನ ವೇಣೂರಿನದೂ ಇದೇ ಪಾಡು: 1604ರಲ್ಲಿ ನಿಂತ ಬಾಹುಬಲಿಯ ಅಕ್ಕಪಕ್ಕ ಸಂಸ್ಕೃತದಲ್ಲೊಂದು, ಕನ್ನಡದಲ್ಲೊಂದು ಶಾಸನವಿದೆ. ಅವನ್ನು ಪ್ರಕಟಿಸಿದ ಜರ್ಮನ್ ವಿದ್ವಾಂಸ ಇ. ಹುಲ್ಟ್ಷ್ 1904ರಲ್ಲಿ, ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ದೊರೆತ ಗ್ರೀಕ್ ಪ್ರಹಸನದ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು ಸೂಚಿಸಿದನು. ನಾಟಕದಲ್ಲಿ ಹೆಂಡ ಕುಡಿದ ಭಾರತೀಯರು ಆಡುವ ಆ ನಾಲ್ಕು ಮಾತುಗಳನ್ನು ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಕೈಗೆತ್ತಿಕೊಂಡರು. ಮುಂದೆ ಅದು ಕನ್ನಡವಲ್ಲ, ತುಳುವೆಂಬ ವಾದವೂ ಹುಟ್ಟಿತು. ಆದರೆ ವೇಣೂರಿನ ಕಲ್ಲಿನಲ್ಲಿ ವರ್ಷ, ಮೂರ್ತಿಯನ್ನು ನಿಲ್ಲಿಸಿದ ತಿಮ್ಮರಾಜ, ಗುರು ಚಾರುಕೀರ್ತಿ ಎಲ್ಲವೂ ಸ್ಪಷ್ಟವಾಗಿರುವುದರಿಂದ ಈ ಶಾಸ್ತ್ರದ ದೃಷ್ಟಿಯಲ್ಲಿ ಅದು ನಿರುಪಯೋಗಿ.